ಮಠಗಳು ನೀರು ಕೇಳಲಿ, ಮಂತ್ರಿಗಿರಿ ಬೇಡ

ಮಾನ್ಯ ಸಂಪಾದಕರೇ,

ಚುನಾವಣೆ ಬಂತೆಂದರೆ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಅಭ್ಯರ್ಥಿಗಳ ಮಠಯಾತ್ರೆ ಶುರುವಾಗುತ್ತದೆ. ಬೆಳಿಗ್ಗೆ ಸಿರಿಗೆರೆ, ಮಧ್ಯಾಹ್ನ ದುರ್ಗದ ಮಠಗಳು, ಸಂಜೆಗೆ ಹೊಸದುರ್ಗದ ಕಡೆ. ಹಣ್ಣಿನ ಬುಟ್ಟಿ, ಶಾಲು, ಹಾರ, ಫೋಟೊ. ಫಲಿತಾಂಶ ಬಂದ ಮೇಲೆ ಬೇಡುವವರು ಬದಲಾಗುತ್ತಾರೆ. ಆಗ ತಮ್ಮ ಸಮಾಜಕ್ಕೆ ಇಂತಿಷ್ಟು ಸಚಿವ ಸ್ಥಾನ ಬೇಕೆಂದು ಪೀಠಗಳೇ ಪಟ್ಟು ಹಿಡಿಯುತ್ತವೆ. ಯಾವ ಪಕ್ಷವೂ ಇದಕ್ಕೆ ಹೊರತಲ್ಲ. ಇದೆಲ್ಲ ಮಾಮೂಲು ಎಂದು ನಾವೂ ಸುಮ್ಮನಾಗಿದ್ದೇವೆ. ಸುಮ್ಮನಿರುವ ವಿಷಯ ಇದಲ್ಲ.

ನಾನು ಮಠಗಳ ವಿರೋಧಿಯಲ್ಲ. ಚಿತ್ರದುರ್ಗ ಮುರುಘಾ ಮಠದ ಜಯದೇವ ಜಗದ್ಗುರುಗಳು ಊರೂರಲ್ಲಿ ತೆರೆದ ಉಚಿತ ಹಾಸ್ಟೆಲುಗಳಲ್ಲಿ ಉಂಡು ಓದಿದವರು ಈ ಸೀಮೆಯಲ್ಲಿ ಮನೆಮನೆಗೂ ಸಿಗುತ್ತಾರೆ. ಸಾಣೇಹಳ್ಳಿ ಮಠದ ಶಿವಸಂಚಾರ ತಂಡ ರಾಜ್ಯದ ಮೂಲೆಮೂಲೆಗೆ ನಾಟಕ ಕೊಂಡೊಯ್ದಿದೆ. ಭರಮಸಾಗರದ ಕೆರೆಗೆ ತುಂಗಭದ್ರೆಯ ನೀರು ಬರುವಲ್ಲಿ ಸಿರಿಗೆರೆ ಮಠದ ಶ್ರೀಗಳ ಒತ್ತಾಸೆ ಎಷ್ಟಿತ್ತೆಂದು ಅಲ್ಲಿನ ರೈತರನ್ನೇ ಕೇಳಬಹುದು. ನೀರು ಕೇಳಿದ್ದು ಎಲ್ಲರಿಗಾಗಿ. ಏತ ನೀರಾವರಿ ಪೈಪಿಗೆ ಜಾತಿ ಗೊತ್ತಿಲ್ಲ.

ಇನ್ನೊಂದು ಬಗೆಯ ಬೇಡಿಕೆಯನ್ನು ನೋಡಿ. 2020ರ ಜನವರಿಯಲ್ಲಿ ಹರಿಹರದ ಹರ ಜಾತ್ರೆಯ ವೇದಿಕೆಯಲ್ಲಿ, ಮುಖ್ಯಮಂತ್ರಿ ಯಡಿಯೂರಪ್ಪನವರ ಎದುರೇ, ಮುರುಗೇಶ ನಿರಾಣಿಯವರನ್ನು ಸಚಿವರನ್ನಾಗಿ ಮಾಡದಿದ್ದರೆ ಪಂಚಮಸಾಲಿ ಸಮಾಜ ಕೈಬಿಡುತ್ತದೆ ಎಂಬರ್ಥದ ಮಾತನ್ನು ಪಂಚಮಸಾಲಿ ಪೀಠದ ವಚನಾನಂದ ಸ್ವಾಮೀಜಿ ಆಡಿದರು. ಮುಖ್ಯಮಂತ್ರಿ ಸಿಟ್ಟಾಗಿ ಎದ್ದು ನಿಂತರು. ಮರುವರ್ಷ ನಿರಾಣಿಯವರು ಸಚಿವರಾದರು. ಅರ್ಹತೆಯಿಂದಲೇ ಆಗಿರಬಹುದು, ಆದರೆ ಜನ ಹಾಗೆ ನಂಬುವ ಅವಕಾಶವನ್ನು ಆ ವೇದಿಕೆಯೇ ಕಸಿದುಕೊಂಡಿತ್ತು. 2021ರ ಜುಲೈನಲ್ಲಿ ಅದೇ ಯಡಿಯೂರಪ್ಪನವರನ್ನು ಮುಖ್ಯಮಂತ್ರಿ ಸ್ಥಾನದಿಂದ ಇಳಿಸಬಾರದೆಂದು ಮಠಾಧೀಶರ ದಂಡೇ ಬೆಂಗಳೂರಿಗೆ ಹೋಯಿತು. 2024ರ ಜೂನ್‌ನಲ್ಲಿ ಕೆಂಪೇಗೌಡ ಜಯಂತಿಯ ವೇದಿಕೆಯಿಂದ ಒಕ್ಕಲಿಗ ಮಠದ ಚಂದ್ರಶೇಖರನಾಥ ಸ್ವಾಮೀಜಿ, ಸಿದ್ದರಾಮಯ್ಯನವರು ಮುಖ್ಯಮಂತ್ರಿ ಕುರ್ಚಿಯನ್ನು ಡಿ.ಕೆ. ಶಿವಕುಮಾರ್ ಅವರಿಗೆ ಬಿಟ್ಟುಕೊಡಲಿ ಎಂದರು. ಪಕ್ಷ ಬೇರೆ, ಸಮಾಜ ಬೇರೆ, ವರಸೆ ಮಾತ್ರ ಒಂದೇ.

ಸ್ವಾಮೀಜಿಗಳೂ ಪ್ರಜೆಗಳಲ್ಲವೇ, ಮಾತಾಡಬಾರದೇ ಎಂದು ಕೇಳುವವರಿದ್ದಾರೆ. ಖಂಡಿತ ಮಾತಾಡಲಿ. ಬಸವಣ್ಣನವರೇ ಬಿಜ್ಜಳನ ಭಂಡಾರಿಯಾಗಿರಲಿಲ್ಲವೇ ಎಂಬ ವಾದವೂ ಇದೆ. ಬಸವಣ್ಣನವರು ಅಧಿಕಾರ ಹೊತ್ತರು, ಅದರ ಲೆಕ್ಕ ಒಪ್ಪಿಸುವ ಹೊಣೆಯನ್ನೂ ಹೊತ್ತರು. ಇಂದು ಪೀಠದಲ್ಲಿ ಕೂತು ಖಾತೆ ಹಂಚಿಸುವವರಿಗೆ ಆ ಹೊಣೆ ಇಲ್ಲ. ಅವರು ಹೇಳಿ ಮಾಡಿಸಿದ ಮಂತ್ರಿ ಕೆಟ್ಟರೆ ನಾವು ಯಾರನ್ನು ಕೇಳಬೇಕು? ಶಾಸಕನನ್ನು ಐದು ವರ್ಷಕ್ಕೊಮ್ಮೆ ಇಳಿಸಬಹುದು, ಪೀಠಾಧಿಪತಿಯನ್ನು ಮತ ಹಾಕಿ ಇಳಿಸಲಾಗದು.

ಕಾನೂನು ಇಲ್ಲವೆಂದಲ್ಲ. ಧರ್ಮ, ಜಾತಿಯ ಹೆಸರಲ್ಲಿ ಮತ ಕೇಳುವುದು 1951ರ ಜನಪ್ರತಿನಿಧಿ ಕಾಯ್ದೆಯಡಿ ಭ್ರಷ್ಟ ಆಚರಣೆ. ಮತದಾರರ ಧರ್ಮ, ಜಾತಿಯನ್ನು ಮುಂದಿಟ್ಟು ಕೇಳುವುದೂ ಇದರೊಳಗೇ ಬರುತ್ತದೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಧಾರ್ಮಿಕ ಸಂಸ್ಥೆಯ ಆವರಣವನ್ನು ರಾಜಕೀಯ ಚಟುವಟಿಕೆಗೆ ಬಳಸಿದರೆ 1988ರ ಕಾಯ್ದೆಯಡಿ ಐದು ವರ್ಷದವರೆಗೆ ಜೈಲು. ಇದು ಗುಡಿ, ಮಸೀದಿ, ಚರ್ಚ್, ಮಠ ಎಲ್ಲಕ್ಕೂ ಅನ್ವಯ. ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದ್ದು ಎಂಬ 1994ರ ತೀರ್ಪು ಬಂದದ್ದೇ ನಮ್ಮ ಎಸ್.ಆರ್. ಬೊಮ್ಮಾಯಿಯವರ ಪ್ರಕರಣದಲ್ಲಿ. ಆದರೆ 'ಆಶೀರ್ವಾದ ಪಡೆಯಲು ಬಂದೆ' ಎಂದರೆ ಯಾವ ಅಧಿಕಾರಿ ಕೇಸು ಹಾಕುತ್ತಾನೆ? ಇನ್ನು ಚುನಾವಣೆ ಮುಗಿದ ಮೇಲೆ ನಡೆಯುವ ಖಾತೆಯ ಚೌಕಾಸಿಗೆ ಚುನಾವಣಾ ಕಾಯ್ದೆಯ ತಡೆಯೇ ಇಲ್ಲ.

ಇದರ ಇನ್ನೊಂದು ಮುಖ ಅನುದಾನ. 2008ರ ನಂತರ ಬಜೆಟ್ಟಿನಲ್ಲಿ ಮಠಗಳಿಗೆ ಕೋಟಿಗಟ್ಟಲೆ ಹಣ ಇಡುವುದು ರೂಢಿಯಾಯಿತು. ಸರ್ಕಾರದಿಂದ ಹಣ ಪಡೆದ ಮಠ ಸರ್ಕಾರದ ತಪ್ಪನ್ನು ಎತ್ತಿ ಹೇಳೀತೇ? ಹಣ ಕೊಟ್ಟ ಪಕ್ಷ ಮತದ ಹೊತ್ತಿಗೆ ಸುಮ್ಮನಿದ್ದೀತೇ? ಮಕ್ಕಳ ಹಾಸ್ಟೆಲಿಗೆ ಕೊಡುವುದಾದರೆ ಸಂಬಂಧಪಟ್ಟ ಇಲಾಖೆ ಎಲ್ಲರಿಗೂ ಒಂದೇ ನಿಯಮದಡಿ, ಮಕ್ಕಳ ತಲೆ ಎಣಿಸಿ, ಆಡಿಟ್ ಮಾಡಿಸಿ ಕೊಡಲಿ.

ಅಧಿಕಾರ ಸಿಗಲಿಲ್ಲವೆಂಬ ತಳಸಮುದಾಯಗಳ ಅಳಲು ನಿಜವಾದದ್ದು. ಮಾದಾರ ಚನ್ನಯ್ಯ ಗುರುಪೀಠ, ಭೋವಿ ಗುರುಪೀಠ, ಹೊಸದುರ್ಗ ತಾಲ್ಲೂಕಿನ ಕನಕ ಗುರುಪೀಠ ಶಾಖಾಮಠ, ಭಗೀರಥ ಪೀಠ ಇವೆಲ್ಲ, ಶತಮಾನಗಳಿಂದ ಬಾಗಿಲಾಚೆ ನಿಂತ ಜನಕ್ಕೆ ತಲೆಯೆತ್ತುವ ಧೈರ್ಯ ಕೊಟ್ಟಿವೆ. ಈ ಪೀಠಗಳು ಮೀಸಲಾತಿ ಕೇಳಿದರೆ, ಶಾಲೆ ಕೇಳಿದರೆ ಅದು ನ್ಯಾಯದ ಮಾತು. ಆದರೆ ಒಬ್ಬ ವ್ಯಕ್ತಿಗೆ ಮಂತ್ರಿಗಿರಿ ಸಿಕ್ಕಿತೆಂದು ಹಿರಿಯೂರಿನ ಕೂಲಿಕಾರನ ಮಗನಿಗೆ ಹಾಸ್ಟೆಲಿನಲ್ಲಿ ಸೀಟು ಸಿಗುವುದಿಲ್ಲ.

ಜಿಲ್ಲೆಯ ಕೆಲಸ ರಾಶಿ ಬಿದ್ದಿದೆ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದ 5,300 ಕೋಟಿ ರೂಪಾಯಿಗಾಗಿ ರೈತರು ಧರಣಿ, ಬಂದ್ ಮಾಡಬೇಕಾಯಿತು. ಎಲ್ಲ ಪೀಠಗಳೂ ಒಂದೇ ವೇದಿಕೆಯಲ್ಲಿ ಕೂತು ಆ ಹಣ ಕೇಳಲಿ, ಜಿಲ್ಲೆಯೇ ಬೆನ್ನಿಗೆ ನಿಲ್ಲುತ್ತದೆ. ಮತದ ಮಾತಿಗೆ ಬಂದರೆ, 1962ರಲ್ಲಿ ಮಾಜಿ ಮುಖ್ಯಮಂತ್ರಿ ನಿಜಲಿಂಗಪ್ಪನವರಂಥ ನಾಯಕರನ್ನೇ ಸೋಲಿಸಿದ್ದು ಹೊಸದುರ್ಗ ಕ್ಷೇತ್ರ. ಯಾರಿಗೆ ಮತ ಹಾಕಬೇಕೆಂದು ಇಲ್ಲಿನವರಿಗೆ ಯಾರೂ ಅಪ್ಪಣೆ ಕೊಡಿಸಬೇಕಿಲ್ಲ.

ನಿಮ್ಮ ಪತ್ರಿಕೆಯಿಂದಲೂ ಒಂದು ನಿರೀಕ್ಷೆ ಇದೆ. ಮುಂದಿನ ಚುನಾವಣೆಗೆ ನೀತಿಸಂಹಿತೆ ಜಾರಿಯಾದ ದಿನದಿಂದ, ಅಭ್ಯರ್ಥಿಗಳು ಮಠಾಧೀಶರ ಪಾದ ಮುಟ್ಟುವ ಚಿತ್ರಗಳನ್ನು ಸುದ್ದಿಯೆಂದು ಅಚ್ಚು ಹಾಕಬೇಡಿ. ಆ ಜಾಗದಲ್ಲಿ ಅದೇ ಅಭ್ಯರ್ಥಿಗೆ ನೀರು, ಶಾಲೆ, ಆಸ್ಪತ್ರೆಯ ಬಗ್ಗೆ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ಪ್ರಕಟಿಸಿ. ಉತ್ತರ ಕೊಡದವರ ಹೆಸರನ್ನೂ ಪ್ರಕಟಿಸಿ.

ಇಂತಿ,
ನಿಮ್ಮ ಓದುಗ,
ಹೊಳಲ್ಕೆರೆ