ಹಬ್ಬದ ಎಲೆಯೂ ಮೂತ್ರಪಿಂಡದ ರೋಗಿಯೂ

ಸಂಕ್ರಾಂತಿಯಲ್ಲಿ ಮನೆಮನೆಗೆ ಬೀರುವ ಎಳ್ಳುಬೆಲ್ಲಕ್ಕಿಂತ ಹಿತವಾದ ತಿನಿಸು ಮತ್ತೊಂದಿಲ್ಲವೆಂದು ನಾವೆಲ್ಲರೂ ಕೇಳಿ ಬೆಳೆದವರು. ಆರೋಗ್ಯವಂತರ ಮಟ್ಟಿಗೆ ಆ ಮಾತಿಗೆ ನನ್ನ ತಕರಾರೇನೂ ಇಲ್ಲ. ಆದರೆ ಮೂತ್ರಪಿಂಡಗಳು ಕೆಟ್ಟವರಿಗೆ, ಅದರಲ್ಲಿಯೂ ಯಂತ್ರದಿಂದ ರಕ್ತವನ್ನು ಶೋಧಿಸುವ ಡಯಾಲಿಸಿಸ್ ಚಿಕಿತ್ಸೆಯಲ್ಲಿರುವವರಿಗೆ, ಅದನ್ನು ಮುಷ್ಟಿತುಂಬ ಕೊಡುವುದು ಉಪಚಾರವಲ್ಲ, ಅಪಚಾರ.

ಆಯುರ್ವೇದದ ಗ್ರಂಥಗಳಲ್ಲಿ ವೃಕ್ಕವೆಂದು ಹೆಸರಾದ ಈ ಎರಡು ಅವಯವಗಳು ದಿನವೊಂದಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನು ಮರಳಿ ರಕ್ತಕ್ಕೇ ಒಪ್ಪಿಸಿ, ಬೇಡವಾದುದನ್ನು ಒಂದೆರಡು ಲೀಟರು ಮೂತ್ರವಾಗಿ ಹೊರಡಿಸುತ್ತವೆ. ಈ ಕಾರ್ಯವು ಕುಂದಿದಾಗ ಆಹಾರದಲ್ಲಿರುವ ಪೊಟ್ಯಾಸಿಯಂ ಮತ್ತು ರಂಜಕಗಳು ರಕ್ತದಲ್ಲಿಯೇ ಶೇಖರವಾಗುತ್ತವೆ. ಮೊದಲನೆಯದು ಮಿತಿಮೀರಿದರೆ ಹೃದಯದ ಬಡಿತವೇ ತಪ್ಪೀತು. ಎರಡನೆಯದು ಮೈಯಲ್ಲಿ ತುರಿಕೆಯನ್ನುಂಟುಮಾಡಿ ಮೂಳೆಗಳನ್ನು ದುರ್ಬಲಗೊಳಿಸುತ್ತದೆ. 100 ಗ್ರಾಂ ಎಳ್ಳಿನಲ್ಲಿ ರಂಜಕವು ಸುಮಾರು 600 ಮಿಲಿಗ್ರಾಂ; ಅಷ್ಟೇ ತೂಕದ ಕಡಲೆಕಾಯಿ ಬೀಜದಲ್ಲಿ ಪೊಟ್ಯಾಸಿಯಂ ಸುಮಾರು 700 ಮಿಲಿಗ್ರಾಂ. ಕೊಬ್ಬರಿ, ಹುರಿಗಡಲೆಗಳೂ ಇದೇ ಪಂಗಡದವು. ಇನ್ನು ಬೆಲ್ಲ: ಸಕ್ಕರೆಯಲ್ಲಿಲ್ಲದ ಖನಿಜಗಳು ಅದರಲ್ಲಿ ಉಳಿದಿರುವುದೇ ಅದರ ಹೆಗ್ಗಳಿಕೆಯಷ್ಟೆ, ಇಲ್ಲಿ ಆ ಗುಣವೇ ದೋಷವಾಗಿ ಪರಿಣಮಿಸುತ್ತದೆ. ಸತ್ವಹೀನವೆಂದು ನಾವು ಹಳಿಯುವ ಬಿಳಿಯ ಅಕ್ಕಿ, ರವೆ, ಸಕ್ಕರೆಗಳೇ ಈ ರೋಗಿಗೆ ಹೆಚ್ಚು ಒಗ್ಗುತ್ತವೆ. ರೋಗಿಯನ್ನು ನೋಡಹೋಗುವವರು ಎಳನೀರನ್ನು ಒಯ್ಯುವ ವಾಡಿಕೆಯುಂಟು. ಒಂದು ಲೋಟ ಎಳನೀರಿನಲ್ಲಿ 400ರಿಂದ 500 ಮಿಲಿಗ್ರಾಂ ಪೊಟ್ಯಾಸಿಯಂ ಇರುವುದರಿಂದ ಇವರ ಮನೆಗೆ ಅದು ಬೇಡ. ಧಾರೆಹುಳಿಯನ್ನಂತೂ ಮುಟ್ಟಿಸಲೇಬಾರದು. ಅದರಲ್ಲಿ ನರಗಳನ್ನು ಕೆಡಿಸುವ ವಿಷವೊಂದಿರುವುದನ್ನು ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದರು. ಅದು ಹೊರಹೋಗದೆ ನಿಂತು ಬಿಕ್ಕಳಿಕೆ, ಬುದ್ಧಿಭ್ರಮೆ, ಸೆಳವು ತೋರಿ ಪ್ರಾಣಹಾನಿಯಾದುದೂ ಉಂಟು.

ಹಾಗಾದರೆ ಹಬ್ಬದ ದಿನ ರೋಗಿಗೆ ಉಪವಾಸವೇ? ನನ್ನೊಡನೆ ಪಾಠ ಹೇಳುತ್ತಿದ್ದ ಹಿರಿಯರೊಬ್ಬರಿಗೆ ವಾರಕ್ಕೆ ಮೂರು ಸಾರಿ ಡಯಾಲಿಸಿಸ್ ನಡೆಯುತ್ತದೆ. ಕಳೆದ ಸಂಕ್ರಾಂತಿಯಲ್ಲಿ ಮನೆಯವರೆಲ್ಲರಿಗೂ ಎಲೆ ಹಾಕಿ, ಯಜಮಾನರಾದ ಇವರ ಮುಂದೆ ಸಪ್ಪೆ ಗಂಜಿಯ ಬಟ್ಟಲೊಂದನ್ನು ಇರಿಸಿದರು. ಮಕ್ಕಳು ಭಯದಿಂದ ಹಾಗೆ ಮಾಡಿದರೇ ಹೊರತು ಅನಾದರದಿಂದಲ್ಲ. ಇವರು ಉಣ್ಣದೆ ಎದ್ದರು. ಸಾಯಂಕಾಲ ಮೊಮ್ಮಗಳ ಡಬ್ಬಿಯಿಂದ ಎರಡು ಹಿಡಿ ಎಳ್ಳುಬೆಲ್ಲವನ್ನು ಯಾರಿಗೂ ಕಾಣದಂತೆ ತಿಂದರಂತೆ. ಮನೆಯವರೆಲ್ಲರೂ ತಿನ್ನುವ ಒಂದು ಸಿಹಿಯನ್ನು ಇವರಿಗೂ ಒಗ್ಗುವಂತೆ ಮಾಡಿದ್ದರೆ ಈ ಕಳ್ಳತನಕ್ಕೆ ಅವಕಾಶವಿರುತ್ತಿರಲಿಲ್ಲ.

ಅಂಥ ಸಿಹಿಗಳಲ್ಲಿ ಅನಾನಸಿನ ಕೇಸರಿಬಾತಿಗೆ ನನ್ನ ಮೊದಲ ಮತ. ಹಣ್ಣುಗಳಲ್ಲಿ ಬಾಳೆಗಿಂತ ಅನಾನಸಿನಲ್ಲಿ ಪೊಟ್ಯಾಸಿಯಂ ಬಹಳ ಕಡಿಮೆ. ಒಂದು ಪಾವು ರವೆಯನ್ನು ಕಾಲು ಪಾವು ತುಪ್ಪದಲ್ಲಿ ಘಮ್ಮೆನ್ನುವಂತೆ ಹುರಿದಿಡುವುದು. ಎರಡೂವರೆ ಪಾವು ನೀರಿನಲ್ಲಿ ಅರ್ಧ ಪಾವು ಹೆಚ್ಚಿದ ಅನಾನಸನ್ನು ಬೇಯಿಸಿ, ರವೆಯನ್ನು ಗಂಟಾಗದಂತೆ ಸುರಿದು ತಿರುವಿ, ಅದು ಬೆಂದ ಮೇಲೆ ಒಂದು ಪಾವು ಸಕ್ಕರೆ, ನೆನೆಸಿದ ಕೇಸರಿಯ ನಾಲ್ಕು ಎಸಳು, ಏಲಕ್ಕಿಯ ಪುಡಿ ಹಾಕಿ ಇಳಿಸತಕ್ಕದ್ದು. ಹಾಲು, ಗೋಡಂಬಿ, ದ್ರಾಕ್ಷಿ ಬೇಡ. ಬೇಕೆನ್ನುವವರ ಎಲೆಗೆ ಗೋಡಂಬಿಯನ್ನು ಬಡಿಸುವಾಗ ಉದುರಿಸಬಹುದು. ಹಬ್ಬದ ಸಕ್ಕರೆ ಅಚ್ಚೂ ಒಂದು ಸಲ್ಲುತ್ತದೆ. ಆದರೆ ಮೂತ್ರಪಿಂಡಗಳು ಕೆಡಲು ಸಕ್ಕರೆ ಕಾಯಿಲೆಯೇ ಮುಖ್ಯ ಕಾರಣಗಳಲ್ಲೊಂದಾದುದರಿಂದ, ಅದಿರುವವರು ಒಂದೆರಡು ಚಮಚಕ್ಕೆ ನಿಲ್ಲಬೇಕು. ಮಿಕ್ಕವರ ಪ್ರಮಾಣವನ್ನೂ ರಕ್ತಪರೀಕ್ಷೆಯನ್ನು ನೋಡಿ ವೈದ್ಯರೇ ಹೇಳತಕ್ಕದ್ದು.

ತರಕಾರಿಯನ್ನು ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಿದರೆ ಪೊಟ್ಯಾಸಿಯಂ ಬಹುಮಟ್ಟಿಗೆ ಹೊರಟುಹೋಗುತ್ತದೆ. ನಮ್ಮ ಗೃಹಿಣಿಯರು ಆ ಕಟ್ಟನ್ನು ಚೆಲ್ಲದೆ ಬಸ್ಸಾರು ಮಾಡುವರು, ರುಚಿಯೇನೋ ಅಮೋಘವಾದುದೇ. ಆದರೆ ಹೊರದೂಡಿದ ಪೊಟ್ಯಾಸಿಯಂ ಎಲ್ಲವೂ ಸೇರಿರುವುದು ಅಲ್ಲಿಯೇ. ಉಪ್ಪಿನ ವಿಷಯದಲ್ಲಿ, ಸೈಂಧವವೂ ಉಪ್ಪೇ, ಅದಕ್ಕೆ ರಿಯಾಯಿತಿಯಿಲ್ಲ. ಸೋಡಿಯಂ ಕಡಿಮೆಯೆಂದು ಅಂಗಡಿಯಲ್ಲಿ ಮಾರುವ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡನ್ನು ಬೆರೆಸಿರುತ್ತಾರಾದುದರಿಂದ ಅದು ಇನ್ನೂ ಅಪಾಯಕರ. ನೀರಿನ ಮಿತಿಯನ್ನು ವಿಧಿಸಿರುವವರು ಸಾರು, ಮಜ್ಜಿಗೆ, ಪಾಯಸಗಳನ್ನೂ ಆ ದಿನದ ನೀರಿನ ಲೆಕ್ಕಕ್ಕೇ ಸೇರಿಸಿಕೊಳ್ಳತಕ್ಕದ್ದು.