ಕ್ಯಾಮೆರಾಕ್ಕೆ ಗುದ್ದಿದ ಇರುವೆ

ಮಕ್ಕಳೇ, ಹೋದ ಭಾನುವಾರ ನನ್ನ ಮೊಮ್ಮಗಳು ಟ್ಯಾಬ್ ಹಿಡಿದುಕೊಂಡು ಬಿದ್ದು ಬಿದ್ದು ನಗುತ್ತಿದ್ದಳು. "ತಾತ, ಇಲ್ಲಿ ನೋಡು! ಇರುವೆ ಹೋಗಿ ಕ್ಯಾಮೆರಾಕ್ಕೆ ಗುದ್ದಿತು!" ಎಂದಳು.

ಅವಳು ನೋಡುತ್ತಿದ್ದದ್ದು ಇಂಗ್ಲೆಂಡಿನ ಬಿಬಿಸಿ ೧೯೬೫ರಲ್ಲಿ ಪ್ರಸಾರ ಮಾಡಿದ 'ಡಾಕ್ಟರ್ ಹೂ' ಧಾರಾವಾಹಿಯ ಒಂದು ಕಂತು. ಕಪ್ಪುಬಿಳುಪಿನ ಚಿತ್ರ. ಬೇರೊಂದು ಗ್ರಹದಲ್ಲಿ ಮನುಷ್ಯರೆತ್ತರದ ಇರುವೆಗಳು. ಓಡಿಬಂದ ಒಂದು ಇರುವೆ ನೇರವಾಗಿ ಕ್ಯಾಮೆರಾಕ್ಕೆ ಬಡಿಯುತ್ತದೆ, 'ದಢ್' ಎಂಬ ಸದ್ದೂ ಕೇಳುತ್ತದೆ. ಅದನ್ನೇ ಮೂರು ಸಲ ಹಿಂದಕ್ಕೆ ಓಡಿಸಿ ತೋರಿಸಿದಳು.

"ಇಷ್ಟು ದೊಡ್ಡ ತಪ್ಪು ಅವರಿಗೆ ಕಾಣಲಿಲ್ವಾ? ಕಟ್ ಮಾಡಬಾರದಿತ್ತಾ?"

ಕಾಣದೆ ಏನು! ಆದರೆ ಆಗ ಕಟ್ ಮಾಡುವುದೆಂದರೆ ಈಗಿನಂತೆ ಬೆರಳಿನ ಕೆಲಸವಲ್ಲ. ವಿಡಿಯೋ ಟೇಪನ್ನು ನಿಜವಾಗಿಯೂ ಕತ್ತರಿಸಿ ಅಂಟಿಸಬೇಕಿತ್ತು. ಟೇಪು ಬಲು ದುಬಾರಿ, ಹಳೆಯದನ್ನು ಅಳಿಸಿ ಮತ್ತೆ ಬಳಸುತ್ತಿದ್ದರು. ಹಾಗಾಗಿ ಕೆಲವು ದಿನ ತಾಲೀಮು ನಡೆಸಿ, ಒಂದು ಸಂಜೆ ಇಡೀ ಕಂತನ್ನು ಹೆಚ್ಚುಕಡಿಮೆ ನಿಲ್ಲಿಸದೆ ಮುದ್ರಿಸುತ್ತಿದ್ದರು. ಊರ ನಾಟಕದಲ್ಲಿ ಭೀಮನ ಮೀಸೆ ಕಳಚಿದರೆ ಪರದೆ ಎಳೆಯುತ್ತಾರೆಯೇ? ಮೀಸೆ ಹಿಡಿದುಕೊಂಡೇ ಗದೆ ಎತ್ತುತ್ತಾನೆ. ಇದೂ ಹಾಗೆಯೇ.

ಹಾಗೆಂದು ಅವರು ಎಲ್ಲ ತಪ್ಪನ್ನೂ ಬಿಟ್ಟವರಲ್ಲ. ಮೊಟ್ಟಮೊದಲ ಕಂತನ್ನು ೧೯೬೩ರ ಸೆಪ್ಟೆಂಬರ್ ೨೭ರಂದು ಲಂಡನ್ನಿನ ಲೈಮ್ ಗ್ರೋವ್ ಸ್ಟುಡಿಯೋದಲ್ಲಿ ಮುದ್ರಿಸಿದರು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಅವರಿಗೆ ಆಗ ೨೭ ವರ್ಷ. ನಿರ್ದೇಶಕ ವಾರಿಸ್ ಹುಸೇನ್ ನಮ್ಮ ಲಖನೌದಲ್ಲಿ ಹುಟ್ಟಿದವರು, ಅವರಿಗೆ ೨೪. ಅಂದು ಕಾಲಯಂತ್ರದ ಬಾಗಿಲು ಸರಿಯಾಗಿ ಮುಚ್ಚಲೇ ಇಲ್ಲ. ನಟರು ಗಂಭೀರವಾಗಿ ಮಾತಾಡುತ್ತಿದ್ದರೆ ಹಿಂದೆ ಬಾಗಿಲು ಪಟಪಟ ಬಡಿದುಕೊಳ್ಳುತ್ತಿತ್ತು! ಅದನ್ನು ನೋಡಿದ ಮೇಲಧಿಕಾರಿ ಸಿಡ್ನಿ ನ್ಯೂಮನ್ ಅವರಿಗೆ ಸಮಾಧಾನವಾಗಲಿಲ್ಲ. ಆದರೆ ಹುಡುಗರನ್ನು ಮನೆಗೆ ಕಳಿಸಲಿಲ್ಲ, ಇನ್ನೊಮ್ಮೆ ಮಾಡಿ ಎಂದರು. ಅಕ್ಟೋಬರ್ ೧೮ರಂದು ಮತ್ತೆ ಮುದ್ರಿಸಿದರು, ನವೆಂಬರ್ ೨೩ರಂದು ಪ್ರಸಾರವಾಯಿತು. ಕೆಟ್ಟುಹೋದ ಮೊದಲ ಪ್ರತಿಯೂ ಉಳಿದುಕೊಂಡಿತು. ೧೯೯೧ರಲ್ಲಿ ಅದನ್ನೂ ಟಿವಿಯಲ್ಲಿ ತೋರಿಸಿದರು.

ಬ್ಯಾಂಕಿನಲ್ಲಿ ನಮಗೂ ಹೀಗೊಂದು ನಿಯಮವಿತ್ತು. ಲೆಡ್ಜರಿನಲ್ಲಿ ತಪ್ಪು ಬರೆದರೆ ಕೆರೆದು ಅಳಿಸುವಂತಿಲ್ಲ. ಹಳೆಯದು ಕಾಣುವಂತೆ ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಕಿರುಸಹಿ ಹಾಕಬೇಕು. ಸಂಜೆ ಲೆಕ್ಕ ತಾಳೆಯಾಗದೆ ೯, ೧೮, ೨೭ರಂತೆ ಒಂಬತ್ತರಿಂದ ಭಾಗವಾಗುವ ವ್ಯತ್ಯಾಸ ಬಂದರೆ, ಯಾರೋ ಅಂಕಿ ಅದಲುಬದಲು ಮಾಡಿರಬಹುದೆಂದು ಮೊದಲು ಹುಡುಕುತ್ತಿದ್ದೆವು. ೫೪ರ ಬದಲು ೪೫ ಬರೆದರೆ ವ್ಯತ್ಯಾಸ ಒಂಬತ್ತು. ನೀವೂ ಬೇರೆ ಅಂಕಿಗಳಲ್ಲಿ ಮಾಡಿ ನೋಡಿ.

ಮೊಮ್ಮಗಳು ಅಷ್ಟಕ್ಕೆ ಬಿಡಲಿಲ್ಲ. "ಈ ಡಾಕ್ಟರ್ ತಾತ ಮಾತೂ ತಪ್ಪುತ್ತಾನೆ" ಎಂದಳು. ನಿಜ. ಆ ಪಾತ್ರ ಮಾಡಿದ ವಿಲಿಯಂ ಹಾರ್ಟ್‌ನೆಲ್ ಒಮ್ಮೆ ವಿಕಿರಣ ತಡೆಯುವ 'ಔಷಧಿ' ಎನ್ನುವ ಬದಲು 'ಕೈಗವಸು' ಎಂದುಬಿಟ್ಟರು. ಇನ್ನೊಮ್ಮೆ ಬಾಹ್ಯಾಕಾಶಕ್ಕೆ ಇಂಗ್ಲಿಷಿನ 'ಸ್ಪೇಸ್' ಎನ್ನಲು ಹೋಗಿ 'ಸ್ಪೇನ್' ಎಂದರು. ಕಥೆಯಲ್ಲಿ ಅವರು ಸೂಸನ್ ಎಂಬ ಹುಡುಗಿಯ ತಾತ. ಬಿಳಿಕೂದಲಿನ ವಿಗ್ ಹಾಕಿದ್ದರು, ನಿಜವಾದ ವಯಸ್ಸು ಶುರುವಿನಲ್ಲಿ ೫೫. ನನಗಿಂತ ಎಷ್ಟೋ ಚಿಕ್ಕವರು. ಅವರಿಗೆ ರಕ್ತನಾಳದ ಕಾಯಿಲೆಯಿತ್ತು. ವರ್ಷಗಳು ಕಳೆದಂತೆ ಮಾತು ನೆನಪಿಡುವುದು ಕಷ್ಟವಾಯಿತು. ೧೯೬೬ರಲ್ಲಿ ಪಾತ್ರ ಬಿಟ್ಟರು.

ಕಥಾನಾಯಕನೇ ಹೋದರೆ ಧಾರಾವಾಹಿ ಮುಗಿಯಬೇಕಲ್ಲ? ಡಾಕ್ಟರ್ ಭೂಮಿಯವನಲ್ಲ, ಅವನ ದೇಹ ಸೋತಾಗ ಹೊಸ ದೇಹ ಪಡೆಯುತ್ತಾನೆ ಎಂದು ಕಥೆ ಹೆಣೆದರು. ಪ್ಯಾಟ್ರಿಕ್ ಟ್ರೌಟನ್ ಹೊಸ ಡಾಕ್ಟರ್ ಆದರು. ಒಂದು ದೃಶ್ಯದಲ್ಲಿ ಕೆಂಪಂಗಿ, ಮುಂದಿನದರಲ್ಲಿ ನೀಲಿ ಅಂಗಿ ಎಂದು ನಾವು ತಪ್ಪು ಹುಡುಕುತ್ತೇವೆ. ಇಲ್ಲಿ ನಾಯಕನ ಮುಖವೇ ಬದಲು! ಅದೇ ಕಥೆಯ ನಿಯಮವಾಗಿ, ಧಾರಾವಾಹಿ ಅರವತ್ತು ವರ್ಷ ದಾಟಿತು.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಿಂದಿನ ವಾರ ನಾನು ಫ್ರಿಜ್ಜಿನ ಬಾಗಿಲು ತೆಗೆದು, ಏಕೆ ತೆಗೆದೆನೆಂದು ಮರೆತು ನಿಂತಾಗಲೂ ಅವಳು ಹೀಗೇ ನಕ್ಕಿದ್ದಳು. ನಾನು ಅದನ್ನು ನೆನಪಿಸಲಿಲ್ಲ. ಅವಳೇ ಕೇಳಿದಳು: "ಆ ತಾತನಿಗೆ ಮಾತು ಮರೆತಾಗ ಜೊತೆಯಲ್ಲಿದ್ದವರು ಏನು ಮಾಡ್ತಿದ್ರು?"

"ಮುಂದಿನ ಮಾತು ತಾವು ಹೇಳಿ ದೃಶ್ಯ ಸಾಗಿಸಬೇಕು. ನಾಟಕದಲ್ಲಿ ಅದೇ ರೂಢಿ" ಎಂದೆ.

ಈ ವಾರ ನೀವೂ ಒಂದು ಸಿನಿಮಾದಲ್ಲೋ ಧಾರಾವಾಹಿಯಲ್ಲೋ ತಪ್ಪು ಹುಡುಕಿ, ಚೆನ್ನಾಗಿ ನಗಿ. ಆಮೇಲೆ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿ: ಒಂದರಲ್ಲಿ ತಪ್ಪು, ಇನ್ನೊಂದರಲ್ಲಿ ಅದು ಏಕೆ ಆಗಿರಬಹುದು ಎಂದು ಬರೆಯಿರಿ. ಎರಡನೆಯ ಕಾಲಂ ತುಂಬಿಸಲು ಮನೆಯಲ್ಲಿರುವ ಅಜ್ಜಿ ತಾತಂದಿರನ್ನು ಕೇಳಿ. ಅವರು ಉತ್ತರ ಮರೆತರೆ ಸ್ವಲ್ಪ ನೆನಪಿಸಿ.