ಸ್ಕ್ಯಾನ್ ಮಾಡುವ ಕೈಯ ನೋವು

ವಿಜಯವಾಡದ ಆಟೋನಗರದಲ್ಲಿ ಲಾರಿಗೆ ಬಾಡಿ ಕಟ್ಟುವವರ ಭುಜ ನೋಯುತ್ತದೆ ಎಂದರೆ ಯಾರಿಗೂ ಅಚ್ಚರಿಯಾಗದು. ಅವರ ಕೈಯ ಸುತ್ತಿಗೆ ಎಲ್ಲರ ಕಣ್ಣಿಗೂ ಕಾಣುತ್ತದೆ. ಅದೇ ಊರಿನ ಆಸ್ಪತ್ರೆಗಳ ಎ.ಸಿ. ಕೋಣೆಯಲ್ಲಿ ಕೂತು ಅಲ್ಟ್ರಾಸೌಂಡ್ ಮಾಡುವವರ ಭುಜವೂ ಸವೆಯುತ್ತದೆ ಎಂದರೆ ನಂಬುವವರು ಕಡಿಮೆ. ಆದರೆ ಅಮೆರಿಕ, ಕೆನಡಾಗಳಲ್ಲಿ 1990ರ ದಶಕದಿಂದ ನಡೆದ ಸಮೀಕ್ಷೆಗಳಲ್ಲಿ ಈ ಕೆಲಸದವರ ಪೈಕಿ ನೂರಕ್ಕೆ ಸುಮಾರು 80 ಮಂದಿ ಕುತ್ತಿಗೆ, ಭುಜ, ಮಣಿಕಟ್ಟಿನಂಥ ಕಡೆ ನೋವಿದೆ ಎಂದಿದ್ದಾರೆ.

ಪ್ರೋಬ್ ಹಗುರವೇ, ಭಾರವಾಗುವುದು ಅದನ್ನು ಹಿಡಿಯುವ ಭಂಗಿ. ತೋಳನ್ನು ಮೈಯಿಂದ ದೂರ ಚಾಚಿ, ಜೆಲ್‌ನಿಂದ ಜಾರುವ ಪ್ರೋಬನ್ನು ಬಿಗಿಯಾಗಿ ಹಿಡಿದು ಒತ್ತುತ್ತಾ, ಕತ್ತನ್ನು ಪರದೆಯತ್ತ ತಿರುಗಿಸಿ ನಿಮಿಷಗಟ್ಟಲೆ ಕೂರಬೇಕು. ಒಂದು ಸ್ಕ್ಯಾನಿಗೆ ಇದು ಲೆಕ್ಕಕ್ಕಿಲ್ಲ. ದಿನಕ್ಕೆ ಹತ್ತಾರರಂತೆ ವರ್ಷಗಟ್ಟಲೆ ನಡೆದರೆ ಭುಜದ ಸ್ನಾಯುರಜ್ಜು ಉರಿಯೂತಕ್ಕೆ ಸಿಕ್ಕುತ್ತದೆ, ಬೆರಳು ಜೋಮು ಹಿಡಿಯುತ್ತವೆ.

ಹಲವು ದೇಶಗಳಲ್ಲಿ ಇದು ತರಬೇತಿ ಪಡೆದ ತಂತ್ರಜ್ಞರ ಕೆಲಸ. ಭಾರತದಲ್ಲಿ 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ನಿಯಮಗಳಿಂದಾಗಿ ಪ್ರೋಬ್ ಬಹುಮಟ್ಟಿಗೆ ವೈದ್ಯರ ಕೈಯಲ್ಲೇ ಇದೆ. ಹೆಣ್ಣುಭ್ರೂಣ ಹತ್ಯೆ ತಡೆಯಲು ಬಂದ ಆ ಕಟ್ಟುಪಾಡು ಸಡಿಲವಾಗಬಾರದು. ಆದರೆ ಅದರಿಂದ ಕೆಲವೇ ಕೈಗಳ ಮೇಲೆ ಬೀಳುವ ಹೊರೆಯನ್ನೂ ಕಾಣಬೇಕು. ತಪಾಸಣೆಗೆ ಬರುವ ಅಧಿಕಾರಿಗಳು ನೋಂದಣಿ ಪತ್ರ, ಫಾರಂ ಎಫ್, ಗೋಡೆಯ ಫಲಕ ನೋಡುತ್ತಾರೆ. ಕುರ್ಚಿಯ ಎತ್ತರ ನೋಡುವ ಹೊಣೆ ಯಾರದೂ ಅಲ್ಲ. 1948ರ ಕಾರ್ಖಾನೆ ಕಾಯ್ದೆಯ ರೋಗಪಟ್ಟಿಯಲ್ಲಿ ಎಕ್ಸ್-ರೇಯಿಂದಾಗುವ ಹಾನಿಗೆ ಜಾಗವಿತ್ತು, ದುಡಿಮೆಯಿಂದ ಬರುವ ಸ್ನಾಯುನೋವಿಗೆ ಇರಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮಾತ್ರ 2010ರ ತನ್ನ ಪಟ್ಟಿಯಲ್ಲಿ ಮಣಿಕಟ್ಟಿನ ಕಾರ್ಪಲ್ ಟನಲ್ ತೊಂದರೆಯನ್ನು ಹೆಸರಿಸಿ ಸೇರಿಸಿದೆ. ವಿಕಿರಣವಿಲ್ಲದ ಯಂತ್ರದಿಂದ ಅಪಾಯವಿಲ್ಲ ಎಂಬ ಮಾತು ರೋಗಿಯ ಮಟ್ಟಿಗೆ ಸರಿ, ಅದನ್ನು ನಡೆಸುವವರ ಮಟ್ಟಿಗೆ ಅಲ್ಲ.

ಪರಿಹಾರ ದುಬಾರಿಯೇನಲ್ಲ. ಮೆಕ್ಯಾನಿಕ್ ವಾಹನವನ್ನು ಲಿಫ್ಟಿಗೆ ಏರಿಸಿ ಕೆಲಸವನ್ನು ತನ್ನ ಎತ್ತರಕ್ಕೆ ತಂದುಕೊಳ್ಳುತ್ತಾನೆ. ಇಲ್ಲಿಯೂ ಅಷ್ಟೇ: ರೋಗಿಯನ್ನು ಹಾಸಿಗೆಯ ಅಂಚಿಗೆ ಸರಿಸಬೇಕು, ತೋಳು ಮೈಯಿಂದ 30 ಡಿಗ್ರಿಗಿಂತ ಹೆಚ್ಚು ದೂರ ಹೋಗಬಾರದು, ಮೊಣಕೈ ಕೆಳಗೆ ಸುತ್ತಿದ ಟವೆಲ್ ಇರಬೇಕು, ಪರದೆ ಕಣ್ಣಿಗೆ ನೇರವಾಗಿರಬೇಕು. ಹಿಡಿಕೆಯ ಜೆಲ್ ಒರೆಸಿದರೆ ಹಿಡಿತ ತಾನಾಗಿ ಸಡಿಲಗೊಳ್ಳುತ್ತದೆ. ಒಂದೇ ಬಗೆಯ ಸ್ಕ್ಯಾನ್‌ಗಳನ್ನು ಸಾಲಾಗಿ ಇಡಬಾರದು.

ಆದರೆ ಹಾಸಿಗೆ, ಕುರ್ಚಿ ಕೊಳ್ಳುವವರು, ದಿನಕ್ಕೆಷ್ಟು ರೋಗಿಗಳೆಂದು ನಿಗದಿ ಮಾಡುವವರು ಆಸ್ಪತ್ರೆಯ ಆಡಳಿತದವರು. ವ್ಯಾಯಾಮ ಮಾಡಿ ಎಂದು ವೈದ್ಯರಿಗೆ ಬುದ್ಧಿ ಹೇಳುವ ಮೊದಲು ಇಬ್ಬರು ರೋಗಿಗಳ ನಡುವೆ ಎರಡು ನಿಮಿಷ ಬಿಡುವು ಕೊಡುವುದು ಅವರ ಕರ್ತವ್ಯ. ಹೊಸ ಯಂತ್ರಕ್ಕೆ ಲಕ್ಷಗಟ್ಟಲೆ ಸುರಿಯುವವರಿಗೆ ಒಂದು ಒಳ್ಳೆಯ ಕುರ್ಚಿ ಹೊರೆಯಾಗಲಾರದು.